ಪಾನಕದಲ್ಲಿ ಬದಲಾಗಬೇಕಾದದ್ದು ಯಾವುದು?

ಬೇಸಿಗೆ ರಜೆಯಲ್ಲಿ ಮುಂಬಯಿ, ಬೆಂಗಳೂರಿನಿಂದ ಮಕ್ಕಳು ಮೊಮ್ಮಕ್ಕಳು ಊರಿಗೆ ಬಂದರೆ ಕುಂದಾಪುರ, ಬೈಂದೂರು, ಬ್ರಹ್ಮಾವರ ಕಡೆಯ ಮನೆಗಳಲ್ಲಿ ಪುನರ್ಪುಳಿ ಪಾನಕ ಆಗಲೇಬೇಕು. ಅದರ ಜೊತೆ ಒಂದು ಸಣ್ಣ ಜಗಳವೂ. ಅಜ್ಜಿ ಹಣ್ಣಿನ ಸಿಪ್ಪೆಯನ್ನು ನೀರಿನಲ್ಲಿ ಕಿವುಚಿ ಬೆಲ್ಲ, ಏಲಕ್ಕಿ ಹಾಕುತ್ತಾರೆ. ಮೊಮ್ಮಗ ಅದಕ್ಕೇ ಸೋಡಾ, ಪುದೀನ, ಹಸಿಮೆಣಸು ಸೇರಿಸಿ ‘ಮಾಕ್‌ಟೇಲ್’ ಎನ್ನುತ್ತಾನೆ. “ಇದೆಂತ ಪಾನಕ ಮಾರಾಯ?” ಎಂದು ಅಜ್ಜಿ. “ಹೊಸ ರುಚಿ ನೋಡಿದರೆ ತಪ್ಪೇನು?” ಎಂದು ಮೊಮ್ಮಗ.

ಕಳೆದ ಬೇಸಿಗೆಯಲ್ಲಿ ನಂಟರ ಮನೆಯೊಂದರಲ್ಲಿ ಈ ವಾದ ನಡೆಯುತ್ತಿದ್ದಾಗ ನನ್ನ ಕಣ್ಣು ಮಾತ್ರ ಅಜ್ಜನ ಮೇಲಿತ್ತು. ಹಲವು ವರ್ಷಗಳಿಂದ ಸಕ್ಕರೆ ಕಾಯಿಲೆಯ ಅವರು ಕಾಫಿಗೆ ಸಕ್ಕರೆ ಮುಟ್ಟುವವರಲ್ಲ. ಆದರೆ ಪಾನಕವನ್ನು ಮೂರು ಲೋಟ ಕುಡಿದರು. ಕೇಳಿದರೆ, “ಬೆಲ್ಲ ಅಲ್ಲವೇ, ಏನೂ ಆಗುವುದಿಲ್ಲ” ಎಂದರು.

ತಪ್ಪು ತಿಳಿವಳಿಕೆ ಇರುವುದು ಇಲ್ಲಿಯೇ. ಬೆಲ್ಲದ ಬಹುಪಾಲು ಸಕ್ಕರೆಯ ಅಂಶವೇ. ರಕ್ತದಲ್ಲಿ ಸಕ್ಕರೆಯನ್ನು ಅದೂ ಏರಿಸುತ್ತದೆ. ಲೋಟಕ್ಕೆ ನಾಲ್ಕು ಚಮಚ ಬೆಲ್ಲದ ಪುಡಿ ಎಂದರೆ ಸುಮಾರು 20 ಗ್ರಾಂ, ಮೂರು ಲೋಟಕ್ಕೆ 60 ಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ನೀಡಿದ ಸಲಹೆಯಂತೆ, ಆರೋಗ್ಯವಂತರಿಗೂ ಹೊರಗಿನಿಂದ ಸೇರಿಸುವ ಸಿಹಿ ದಿನಕ್ಕೆ ಸುಮಾರು 50 ಗ್ರಾಂ ಮೀರಬಾರದು. 25 ಗ್ರಾಂ ಒಳಗಿದ್ದರೆ ಇನ್ನೂ ಒಳ್ಳೆಯದು. ಕಾಫಿ, ಬಿಸ್ಕತ್ತು, ಪಾಯಸ ಎಲ್ಲವೂ ಈ ಲೆಕ್ಕಕ್ಕೇ ಸೇರುತ್ತವೆ.

ಹಾಗಾದರೆ ಹಿಂದಿನವರು ಬೆಲ್ಲ ತಿನ್ನಲಿಲ್ಲವೇ? ತಿಂದರು. ಬಿಸಿಲಿನಲ್ಲಿ ನಡೆದು ಬಂದವರಿಗೆ ಒಂದು ತುಂಡು ಬೆಲ್ಲ, ಒಂದು ಚೊಂಬು ನೀರು. ರಾಮನವಮಿಗೆ ಒಂದು ಲೋಟ ಪಾನಕ. ದಿನವಿಡೀ ಗದ್ದೆಯಲ್ಲಿ ದುಡಿದ ಮೈ ಅದು. ನಾವು ಆ ರುಚಿಯನ್ನು ಉಳಿಸಿಕೊಂಡು ಅಳತೆಯನ್ನು ಬಿಟ್ಟೆವು. ಪಾತ್ರೆ ತುಂಬ ಮಾಡಿ ಫ್ರಿಜ್ಜಿನಲ್ಲಿಟ್ಟು ದಿನವೂ ಕುಡಿಯುವುದು ಸಂಪ್ರದಾಯವಲ್ಲ.

ಆದ್ದರಿಂದ ನನ್ನ ಅಭಿಪ್ರಾಯದಲ್ಲಿ ಪ್ರಯೋಗ ಖಂಡಿತ ಬೇಕು, ಆದರೆ ಅದು ಬೆಲ್ಲದ ಡಬ್ಬಿಯಿಂದ ಶುರುವಾಗಬೇಕು. ಮೊದಲು ಬೆಲ್ಲವನ್ನು ಅರ್ಧಕ್ಕಿಳಿಸಿ. ಶುಂಠಿ, ಕಾಳುಮೆಣಸು, ಪುದೀನ ಸೇರಿದರೆ ಸಿಹಿಯ ಕೊರತೆ ಅಷ್ಟಾಗಿ ತಿಳಿಯದು. ಸಕ್ಕರೆ ಕಾಯಿಲೆಯವರಿಗೆ ಸಿಹಿಯಿಲ್ಲದ ಪುನರ್ಪುಳಿ ಸಾರು ನಮ್ಮಲ್ಲಿ ಮೊದಲಿನಿಂದಲೂ ಇದೆ. ರಕ್ತದೊತ್ತಡವಿದ್ದರೆ ಅದಕ್ಕೆ ಉಪ್ಪು ಕಡಿಮೆ ಹಾಕಿ. ಅಂಗಡಿಯ ಬಾಟಲಿ ತಂದರೆ ಚೀಟಿ ಓದಿ ನೋಡಿ: ಹಣ್ಣಿಗಿಂತ ಮೊದಲು ಸಕ್ಕರೆಯ ಹೆಸರಿದ್ದರೆ ಅದರಲ್ಲಿ ಹೆಚ್ಚಿರುವುದು ಸಕ್ಕರೆಯೇ. ಪಾನಕದ ಬದಲು ಬೊಂಡ ಎನ್ನುವವರಿಗೂ ಒಂದು ಮಾತು: ಅದರಲ್ಲಿ ಪೊಟ್ಯಾಸಿಯಂ ಹೆಚ್ಚು, ಮೂತ್ರಪಿಂಡದ ತೊಂದರೆ ಇರುವವರು ವೈದ್ಯರನ್ನು ಕೇಳಿಯೇ ಕುಡಿಯಬೇಕು. ಪುನರ್ಪುಳಿ ಕೊಬ್ಬು ಕರಗಿಸುತ್ತದೆ ಎಂಬ ಮಾತು ನಂಬಿ ಯಾರೂ ಮಾತ್ರೆ ಬಿಡಬಾರದು.

ಆ ಮನೆಯಲ್ಲಿ ಮರುದಿನ ಅಜ್ಜಿಯೇ ಸಾರು ಮಾಡಿ ಅಜ್ಜನಿಗೆ ಲೋಟದಲ್ಲಿ ಕೊಟ್ಟರು. ಮೊಮ್ಮಗ ಅದಕ್ಕೂ ನಾಲ್ಕು ಎಲೆ ಪುದೀನ ಹಾಕಿದ. ಈ ಸಲ ಅಜ್ಜಿ ಏನೂ ಅನ್ನಲಿಲ್ಲ.