ನಾಳಿನ ಸುದ್ದಿ ಇಂದೇ ಬೇಕೇ?

ಮಂಗಸೂಳಿ: ಚುನಾವಣೆ ಬಂತೆಂದರೆ ಬಸ್ ಸ್ಟ್ಯಾಂಡಿನ ಚಹಾದಂಗಡಿಯಲ್ಲಿ ವರದಿಗಾರನಿಗೆ ಒಂದೇ ಪ್ರಶ್ನೆ: ‘ಯಾರ್ ಆರಿಸಿ ಬರ್ತಾರ್ರೀ?’ ಗೊತ್ತಿಲ್ಲ ಅಂದರೆ ‘ಮತ್ತೆಂಥಾ ಪೇಪರ್‌ದಾವ್ರೀ ನೀವು!’ ಎಂದು ನಗೆ. ಗುಲಾಲಿನ ಚೀಲ ತರಿಸಬೇಕೋ ಬೇಡವೋ ಎಂಬುದು ಅಂಗಡಿಕಾರರ ಚಿಂತೆ. ಅವರದೇನೂ ತಪ್ಪಲ್ಲ.

ಆದರೆ ‘ನಮಗೆ ಗೊತ್ತು’ ಎಂದವರ ಕಥೆ ಏನಾಯಿತು? 2024ರ ಲೋಕಸಭಾ ಚುನಾವಣೆಯಲ್ಲಿ ನಮ್ಮ ಚಿಕ್ಕೋಡಿ ಕ್ಷೇತ್ರದ ಮತದಾನ ಮೇ 7ಕ್ಕೆ ಮುಗಿದಿತ್ತು. ಎಣಿಕೆ ಜೂನ್ 4ಕ್ಕೆ. ಅಲ್ಲಿಯವರೆಗೆ ಮತಯಂತ್ರಕ್ಕೆ ಬೀಗ ಬಿತ್ತು, ಬಾಯಿಗೆ ಬೀಳಲಿಲ್ಲ. ಜೂನ್ 1ರ ಸಂಜೆ ಕಡೆಯ ಹಂತ ಮುಗಿದದ್ದೇ ತಡ, ಎನ್‌ಡಿಎಗೆ 350ಕ್ಕೂ ಮಿಕ್ಕಿ ಸ್ಥಾನವೆಂದು ಹೆಚ್ಚಿನ ಟಿ.ವಿ.ಗಳು ಸಾರಿದವು. ಬಂದದ್ದು 293. ನಡುವೆ ಜೂನ್ 3ರಂದು ಮುಂಬಯಿ ಶೇರು ಪೇಟೆಯ ಸೂಚ್ಯಂಕ 2,500 ಅಂಶ ಜಿಗಿಯಿತು. ಮರುದಿನವೇ 4,389 ಅಂಶ ಕುಸಿಯಿತು. ಆ ಮಾತು ನಂಬಿ ರೊಕ್ಕ ಹಾಕಿದವನ ಲುಕ್ಸಾನು ಯಾರು ತುಂಬಿಕೊಟ್ಟರು?

ಸಮೀಕ್ಷೆ ಹೊಂದಿದ್ದೂ ಉಂಟು. 2023ರ ವಿಧಾನಸಭಾ ಚುನಾವಣೆಯಲ್ಲಿ ಕೆಲವರು ಅತಂತ್ರ ಅಂದರು, ಕೆಲವರು ಕಾಂಗ್ರೆಸ್ಸಿಗೆ ಬಹುಮತ ಅಂದರು. ಕಾಂಗ್ರೆಸ್ಸಿಗೆ ಬಂದದ್ದು 135. ಆದರೆ ಯಾರ ಮಾತು ಖರೆ ಎಂದು ಫಲಿತಾಂಶದ ಮುಂಚೆ ಓದುಗನಿಗೆ ತಿಳಿಯುವುದು ಹೆಂಗ? ತಿಳಿಯದಿದ್ದರೆ ಅದು ಸುದ್ದಿಯಲ್ಲ, ಸಟ್ಟಾ.

ಹಾಗಂತ ಮುಂದಿನ ಮಾತೇ ಬೇಡ ಅಂತಲ್ಲ. ಕೃಷ್ಣೆಯ ದಂಡೆಯವರನ್ನು ಕೇಳಿರಿ. 2019ರ ಆಗಸ್ಟಿನ ಮಹಾಪೂರ ಕಂಡವರಿಗೆ ಕೊಯ್ನಾದಲ್ಲಿ ನೀರೆಷ್ಟು, ರಾಜಾಪುರ ಬ್ಯಾರೇಜಿನಿಂದ ಎಷ್ಟು ಕ್ಯೂಸೆಕ್ಸ್ ಹೊರಬಿತ್ತು ಎಂಬ ಸುದ್ದಿ ಪ್ರಾಣ ಉಳಿಸುವ ಸುದ್ದಿ. ಅದು ಅಳೆದು ಹೇಳುವ ಲೆಕ್ಕ. ಹೇಳಿದ್ದಕ್ಕೆ ದನ ಬಿಚ್ಚಿ, ಗಂಟು ಕಟ್ಟಿ ಏರಿನ ಜಾಗಕ್ಕೆ ಹೋಗಬಹುದು. ತಡವಾಗಿ ಹೇಳಿದರೇ ಪತ್ರಿಕೆಯ ತಪ್ಪು.

ಮತದಾರನ ಮನಸ್ಸಿಗೆ ಅಂಥ ಅಳತೆಗೋಲಿಲ್ಲ. ಕೇಳಿದವನಿಗೆ ಒಂದು ಹೇಳಿ, ಒಳಗೆ ಹೋಗಿ ಇನ್ನೊಂದು ಗುಂಡಿ ಒತ್ತುವ ಹಕ್ಕು ಅವನದು. ಕಾಯ್ದೆಗೂ ಈ ಅಂಜಿಕೆ ಇದ್ದದ್ದಕ್ಕೇ, ಕೊನೆಯ ಮತದಾನ ಮುಗಿದು ಅರ್ಧ ತಾಸು ಆಗುವ ತನಕ ಇಂಥ ಸಮೀಕ್ಷೆ ಪ್ರಕಟಿಸಬಾರದೆಂದು 126ಎ ಕಲಮು ಹೇಳುತ್ತದೆ.

ಆದ್ದರಿಂದ ಪತ್ರಿಕೆಯವರು ಭವಿಷ್ಯ ಹೇಳಲೇಬೇಕೆಂದರೆ ಎಷ್ಟು ಜನರನ್ನು, ಎಲ್ಲಿ ಕೇಳಿದೆವು, ಹೋದ ಸಲ ಎಷ್ಟು ತಪ್ಪಿದೆವು ಎಂಬುದನ್ನೂ ಅಷ್ಟೇ ದಪ್ಪ ಅಕ್ಷರದಲ್ಲಿ ಅಚ್ಚು ಹಾಕಲಿ. ಅದಾಗದಿದ್ದರೆ ‘ಗೊತ್ತಿಲ್ಲ’ ಅನ್ನಲಿ. ಚಹಾದಂಗಡಿಯವರು ನಕ್ಕರೆ ನಗಲಿ. ಗುಲಾಲು ಎಣಿಕೆಯ ದಿನವೂ ಸಿಗುತ್ತದೆ.