ತೇಚಾ ನದಿಗೆ ಸುರಿದವರು ಉತ್ತರ ಹೇಳಲಿ

ಗೊತ್ತಿಲ್ಲದೆ ಆಗಿಹೋಯಿತು ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ರಷ್ಯಾದ ದಕ್ಷಿಣ ಉರಲ್ ಸೀಮೆಯ ಮಾಯಾಕ್ ಕಾರ್ಖಾನೆಯಲ್ಲಿ 1948ರ ಡಿಸೆಂಬರಿನಿಂದ ಅಣುಬಾಂಬಿಗಾಗಿ ಪ್ಲುಟೋನಿಯಂ ಬೇರ್ಪಡಿಸುತ್ತಿದ್ದವರಿಗೆ ತಾವು ಹೊರಗೆ ಬಿಡುತ್ತಿರುವುದು ಎಂಥ ದ್ರವ ಎಂದು ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದುದಕ್ಕೇ ಒಳಗೆ ದಪ್ಪ ಕಾಂಕ್ರೀಟ್ ಗೋಡೆ ಎಬ್ಬಿಸಿದ್ದರು. ಆ ದ್ರವ ಸೇರುತ್ತಿದ್ದ ತೇಚಾ ನದಿಯ ನೀರು ಕುಡಿಯುವವರಿಗೆ ಅಡ್ಡವಾಗಿ ಯಾವ ಗೋಡೆಯೂ ಇರಲಿಲ್ಲ.

ಕೆಲಸ ಹೀಗೆ ನಡೆಯುತ್ತಿತ್ತು. ರಿಯಾಕ್ಟರಿನಿಂದ ಬಂದ ಯುರೇನಿಯಂ ತುಂಡುಗಳನ್ನು ನೈಟ್ರಿಕ್ ಆಮ್ಲದಲ್ಲಿ ಕರಗಿಸಬೇಕು. ಟನ್ನುಗಟ್ಟಲೆ ಲೋಹ ಕರಗಿಸಿದರೆ ಪ್ಲುಟೋನಿಯಂ ಸಿಗುವುದು ಗ್ರಾಂ ಲೆಕ್ಕದಲ್ಲಿ. ಸೋಡಿಯಂ ಅಸಿಟೇಟ್ ಬೆರೆಸಿದಾಗ ಯುರೇನಿಯಂ, ಪ್ಲುಟೋನಿಯಂ ಎರಡೂ ಗಸಿಯಾಗಿ ತಳಕ್ಕೆ ಇಳಿಯುತ್ತವೆ. ಸೀಸಿಯಂ, ಸ್ಟ್ರಾಂಷಿಯಂ ಮುಂತಾದ ವಿಕಿರಣ ಸೂಸುವ ವಸ್ತುಗಳು ಮೇಲಿನ ತಿಳಿಯಲ್ಲಿ ಉಳಿಯುತ್ತವೆ. ಗಸಿಯನ್ನು ಮತ್ತೆ ಕರಗಿಸಿ, ಮತ್ತೆ ಶೋಧಿಸಿ ಪ್ಲುಟೋನಿಯಂ ಒಂದನ್ನೇ ಹೊರತೆಗೆಯುತ್ತಿದ್ದರು. ಆಮೇಲೆ ಬಂದ ಪ್ಯೂರೆಕ್ಸ್ ವಿಧಾನದಲ್ಲಿ ಗಸಿಯ ಜಾಗಕ್ಕೆ ಎಣ್ಣೆಯಂಥ ದ್ರಾವಕ ಬಂತು. ಆದರೆ ಯಾವ ವಿಧಾನವೂ ವಿಕಿರಣವನ್ನು ಇಲ್ಲವಾಗಿಸುವುದಿಲ್ಲ. ಬೇಕಾದ್ದು ಒಂದು ಪಾತ್ರೆಗೆ ಹೋಗುತ್ತದೆ, ಬೇಡದ್ದು ಇನ್ನೊಂದಕ್ಕೆ. ಆ ಇನ್ನೊಂದು ಪಾತ್ರೆಯನ್ನು ಕಾಯುವುದು ಬೇರ್ಪಡಿಸಿದವನ ಹೊಣೆ. ಮಾಯಾಕ್ ಅದನ್ನು ನದಿಗೆ ಬಗ್ಗಿಸಿತು.

1949ರಿಂದ 1956ರವರೆಗೆ ಸುಮಾರು 7.6 ಕೋಟಿ ಘನ ಮೀಟರ್ ದ್ರವ, 27.5 ಲಕ್ಷ ಕ್ಯೂರಿ ವಿಕಿರಣ. ಬಾಂಬಿನ ಅವಸರವಿತ್ತು, ದೇಶದ ರಕ್ಷಣೆಯ ಪ್ರಶ್ನೆಯಾಗಿತ್ತು ಎಂದು ಇಂದಿಗೂ ಸಮಜಾಯಿಷಿ ಕೊಡುವವರಿದ್ದಾರೆ. ಅವರು ತಾರೀಖು ನೋಡಲಿ. ಸೋವಿಯತ್ ಒಕ್ಕೂಟದ ಮೊದಲ ಬಾಂಬು 1949ರ ಆಗಸ್ಟ್ 29ರಂದೇ ಸಿಡಿದಿತ್ತು. ನದಿಗೆ ಅತಿ ಹೆಚ್ಚು ವಿಷ ಸುರಿದದ್ದು 1950 ಮತ್ತು 1951ರಲ್ಲಿ.

ಮೆಟ್ಲಿನೋ ಎಂಬ ಹಳ್ಳಿ ಇದ್ದದ್ದು ದ್ರವ ಬಿಡುವ ಜಾಗದಿಂದ ಬರೀ 7 ಕಿಲೋಮೀಟರ್ ಕೆಳಗೆ. ಜನ ಅದೇ ನೀರು ಕುಡಿದರು, ಅದರಲ್ಲೇ ಬಟ್ಟೆ ಒಗೆದರು, ಬಾತುಗಳನ್ನು ಬಿಟ್ಟರು. 1951ರ ವಸಂತದಲ್ಲಿ ಹಿಮ ಕರಗಿ ನೆರೆ ಬಂದು ದಂಡೆಯ ಹುಲ್ಲುಗಾವಲುಗಳ ಮೇಲೆಲ್ಲ ಹರಡಿತು. ಹುಲ್ಲು ಮೇಯ್ದ ಹಸುವಿನ ಹಾಲಿಗೆ ಸ್ಟ್ರಾಂಷಿಯಂ ಇಳಿಯಿತು. ದೇಹ ಅದನ್ನು ಕ್ಯಾಲ್ಸಿಯಂ ಎಂದೇ ತಿಳಿದು ಒಳಗೆ ಬಿಟ್ಟುಕೊಳ್ಳುತ್ತದೆ. ಹಾಲು ಕುಡಿದ ಮಗುವಿನ ಮೂಳೆಯಲ್ಲಿ, ಆಗ ತಾನೇ ಮೂಡುತ್ತಿದ್ದ ಹಲ್ಲಿನಲ್ಲಿ ಅದು ಹೋಗಿ ಕೂತಿತು. ಸ್ಟ್ರಾಂಷಿಯಂ-90 ಅರ್ಧಕ್ಕೆ ಇಳಿಯಲು 29 ವರ್ಷ ಬೇಕು. ಪ್ಲುಟೋನಿಯಮ್ಮನ್ನು ಗ್ರಾಂ ಗ್ರಾಂ ಹೆಕ್ಕಿ ತೆಗೆದ ಜಾಣರ ಬಳಿ ಆ ಮಗುವಿನ ಮೂಳೆಯಿಂದ ಇದನ್ನು ಹೆಕ್ಕಿ ತೆಗೆಯುವ ಉಪಾಯ ಇರಲಿಲ್ಲ. ಮುಂದೆ ಸುಮಾರು 7,500 ಜನರನ್ನು ನದಿ ದಂಡೆಯಿಂದ ಎಬ್ಬಿಸಿದರು. ಯಾಕೆ ಎಬ್ಬಿಸುತ್ತಿದ್ದೇವೆಂದು ಹೇಳಲಿಲ್ಲ.

ನದಿ ಕೆಟ್ಟುಹೋದ ಮೇಲೆ ದ್ರವವನ್ನು ಕರಚಾಯ್ ಕೆರೆಗೆ ತಿರುಗಿಸಿದರು. 1967ರ ಬರದಲ್ಲಿ ಅದರ ಅಂಚು ಒಣಗಿ ಗಾಳಿ ವಿಷದ ಧೂಳನ್ನು ಹೊತ್ತೊಯ್ದಿತು. ಕೆರೆಯನ್ನು ಪೂರ್ತಿ ಮುಚ್ಚಿದ್ದು 2015ರಲ್ಲಿ.

ಹೆಚ್ಚು ಉಗ್ರವಾದ ಉಳಿಕೆಯನ್ನು ನೆಲದಡಿಯ ಟ್ಯಾಂಕುಗಳಲ್ಲಿ ಇಟ್ಟಿದ್ದರು. ಅದು ತನ್ನ ಶಾಖದಿಂದಲೇ ಕಾಯುತ್ತಿರುತ್ತದೆ, ಸದಾ ತಂಪು ಮಾಡುತ್ತಲೇ ಇರಬೇಕು. ಒಂದು ಟ್ಯಾಂಕಿನ ತಂಪು ವ್ಯವಸ್ಥೆ ಕೆಟ್ಟಿತು, ಅದನ್ನು ಸರಿಪಡಿಸಲಿಲ್ಲ. ನೀರು ಆರಿ ತಳದಲ್ಲಿ ನೈಟ್ರೇಟ್, ಅಸಿಟೇಟ್ ಲವಣಗಳು ಒಣಗಿದವು. ಬೇರ್ಪಡಿಸಲು ತಾವೇ ಹಾಕಿದ್ದ ರಾಸಾಯನಿಕಗಳು ಅವು. 1957ರ ಸೆಪ್ಟೆಂಬರ್ 29ರಂದು ಟ್ಯಾಂಕು ಸಿಡಿಯಿತು. ಸುಮಾರು 2 ಕೋಟಿ ಕ್ಯೂರಿ ವಿಕಿರಣ ಹೊರಬಿತ್ತು, ಅದರ ಹತ್ತನೇ ಒಂದು ಭಾಗ ಮೋಡವಾಗಿ ಮುನ್ನೂರು ಕಿಲೋಮೀಟರ್ ಉದ್ದಕ್ಕೆ ಹೊಲಗಳ ಮೇಲೆ ಬಿತ್ತು. ಹತ್ತು ಸಾವಿರಕ್ಕೂ ಹೆಚ್ಚು ಜನ ಊರು ಬಿಟ್ಟರು. ದೇಶ ತೊರೆದಿದ್ದ ವಿಜ್ಞಾನಿ ಝೋರೆಸ್ ಮೆಡ್ವೆಡೆವ್ 1976ರಲ್ಲಿ ಇದನ್ನು ಬರೆದಾಗ ಪಶ್ಚಿಮದ ಅಣುಶಕ್ತಿ ಪಂಡಿತರೂ ಅಸಂಬದ್ಧ ಎಂದು ತಳ್ಳಿಹಾಕಿದರು. ಸೋವಿಯತ್ ಸರ್ಕಾರ ಬಾಯಿಬಿಟ್ಟದ್ದು 1989ರಲ್ಲಿ, 32 ವರ್ಷಗಳ ಮೇಲೆ. ಅಷ್ಟರಲ್ಲಿ ಎಷ್ಟು ತಾಯಂದಿರು ಕಾರಣ ತಿಳಿಯದೆಯೇ ಮಣ್ಣಾದರೋ!

ಹಳೆಯ ಕಥೆ ಎಂದು ಕೈ ತೊಳೆದುಕೊಳ್ಳಲು ಬಿಡಬಾರದು. 2001ರಿಂದ 2004ರವರೆಗೂ ಅದೇ ತೇಚಾ ನದಿಗೆ ಕೋಟಿಗಟ್ಟಲೆ ಘನ ಮೀಟರ್ ತ್ಯಾಜ್ಯ ನೀರು ಹೋಯಿತೆಂದು ಮಾಯಾಕ್‌ನ ಮುಖ್ಯಸ್ಥರ ಮೇಲೆ ಮೊಕದ್ದಮೆ ನಡೆಯಿತು. 2006ರಲ್ಲಿ ಕ್ಷಮಾದಾನ ಕೊಟ್ಟು ಅದನ್ನು ಮುಗಿಸಿದರು. ಸಂಸತ್ತಿನ ಶತಮಾನೋತ್ಸವದ ನೆಪ ಸಿಕ್ಕಿತ್ತು. ಸಂತ್ರಸ್ತರ ಪರವಾಗಿ ಕೋರ್ಟಿನ ಮೆಟ್ಟಿಲು ಹತ್ತಿದ ವಕೀಲೆ ನಾದೆಜ್ದಾ ಕುತೆಪೊವಾ ಅವರ ಸಂಸ್ಥೆಗೆ 2015ರಲ್ಲಿ ವಿದೇಶಿ ಏಜೆಂಟ್ ಎಂಬ ಹಣೆಪಟ್ಟಿ ಅಂಟಿಸಿದರು. ಮಕ್ಕಳನ್ನು ಕಟ್ಟಿಕೊಂಡು ಆಕೆ ಫ್ರಾನ್ಸಿಗೆ ಓಡಬೇಕಾಯಿತು. ಸುರಿದವರಿಗೆ ಕ್ಷಮೆ, ಕೇಳಿದವರಿಗೆ ದೇಶಾಂತರ.

ತೇಚಾ ದಂಡೆಯಲ್ಲಿ ತಾತಾರರು, ಬಷ್ಕೀರರು ಬಾಳಿದ ಮುಸ್ಲ್ಯುಮೊವೊ ಊರನ್ನು ಕೊನೆಗೂ ಖಾಲಿ ಮಾಡಿಸಲು ಹೊರಟದ್ದು 2006ರ ನಂತರ. ಅನೇಕ ಕುಟುಂಬಗಳಿಗೆ ಹೊಸ ಮನೆ ಸಿಕ್ಕಿದ್ದು ಅದೇ ನದಿಯ ಆಚೆ ದಡದಲ್ಲಿ, ಹಳೆಯ ಊರಿನಿಂದ ಸುಮಾರು 2 ಕಿಲೋಮೀಟರ್ ದೂರದಲ್ಲಿ. ಇದನ್ನು ಪುನರ್ವಸತಿ ಎಂದು ಕರೆಯುವುದಕ್ಕೆ ನಾಚಿಕೆಯಾಗಬೇಕು. ನದಿಯ ಹಂಗೇ ಇಲ್ಲದಷ್ಟು ದೂರದಲ್ಲಿ ಅವರಿಗೆ ಮನೆ, ಹೊಲ ಕೊಡಿ. ಮೂರನೇ ತಲೆಮಾರಿನ ಮಗುವಿನ ಚಿಕಿತ್ಸೆಯ ಖರ್ಚನ್ನೂ ಕಾರ್ಖಾನೆಯೇ ಹೊರಲಿ. ಯಾವ ವರ್ಷ, ಯಾರ ಸಹಿಯಿಂದ, ಎಷ್ಟು ಸುರಿದಿರೆಂಬ ಕಡತಗಳನ್ನು ಆ ಜನರ ಮುಂದೆ ತೆರೆದಿಡಿ.