ತಂತಿ ಇಲ್ಲದ ಗರಗಸಕ್ಕೂ ಹಲ್ಲಿದೆ

ಮುಂಬಯಿಯ ಹೋಟೆಲು ಧಣಿಗಳಲ್ಲಿ ಕೆಲವರಿಗೆ ಈಗೊಂದು ಹೊಸ ಉಳಿತಾಯ ಹೊಳೆದಿದೆ. ಅಡಿಗೆಮನೆಗೆ ಮರೆ ಕಟ್ಟಬೇಕು, ಹುಡುಗರು ಮಲಗುವ ಅಟ್ಟಕ್ಕೆ ಪ್ಲೈವುಡ್ ಹೊಡೆಸಬೇಕು ಎಂದರೆ ಹಿಂದೆ ಆಚಾರಿಯನ್ನು ಕರೆಸುತ್ತಿದ್ದರು. ಈಗ ಒಂದು ಬ್ಯಾಟರಿ ಗರಗಸ ತಂದು, ರಾತ್ರಿ ಶಟರ್ ಎಳೆದ ಮೇಲೆ, ಹಗಲೆಲ್ಲ ಟೇಬಲ್ ಒರೆಸಿದ ಹುಡುಗನ ಕೈಗೆ ಕೊಡುತ್ತಾರೆ. "ವಯರ್ ಇಲ್ಲ ಮಾರಾಯ, ಶಾಕ್ ಹೊಡೆಯುವುದಿಲ್ಲ. ಆಟಿಕೆ ಇದ್ದ ಹಾಗೆ" ಎನ್ನುತ್ತಾರೆ.

ಆಟಿಕೆಯೇ? 18 ವೋಲ್ಟಿನ ಬ್ಯಾಟರಿ, ಆರೂವರೆ ಇಂಚಿನ ಬ್ಲೇಡು, ನಿಮಿಷಕ್ಕೆ ಸುಮಾರು 5000 ಸುತ್ತು. ಲೆಕ್ಕ ಹಾಕಿ ನೋಡಿ: ಹಲ್ಲಿನ ತುದಿ ಓಡುವುದು ಗಂಟೆಗೆ 150 ಕಿಲೋಮೀಟರಿಗೂ ಮೇಲೆ. ವಿರಾರ್ ಫಾಸ್ಟ್ ಲೋಕಲ್ಲಿಗೂ ಆ ಓಟವಿಲ್ಲ. ವಯರಿನ ಗರಗಸವಾದರೆ ಪ್ಲಗ್ ಕಿತ್ತಾಗ ಸತ್ತಿತು ಎಂದು ಕಣ್ಣಿಗೆ ಕಾಣುತ್ತದೆ. ಇದರ ಜೀವ ಹೊಟ್ಟೆಯೊಳಗೇ ಇದೆ. ಬ್ಲೇಡು ಬದಲಿಸುವಾಗ, ಆಳ ಸರಿಮಾಡುವಾಗ, ಸಿಕ್ಕಿದ ಚೂರು ತೆಗೆಯುವಾಗ ಬ್ಯಾಟರಿ ಕಳಚಿ ಪಕ್ಕಕ್ಕಿಡದವನು ತನ್ನ ಬೆರಳನ್ನು ಪಣಕ್ಕಿಟ್ಟಂತೆ.

ಆದರೆ ನಮ್ಮ ಜಗಳ ಮುಖ್ಯವಾಗಿ ಗಾರ್ಡಿನ ವಿಷಯಕ್ಕೆ. ಬ್ಲೇಡಿನ ಕೆಳಭಾಗವನ್ನು ಮುಚ್ಚುವ ಗಾರ್ಡು ಸ್ಪ್ರಿಂಗಿನ ಮೇಲೆ ನಿಂತಿದೆ. ಹಲಗೆ ತಾಗಿದಾಗ ಹಿಂದೆ ಸರಿಯುತ್ತದೆ, ಹಲಗೆ ಬಿಟ್ಟ ಕೂಡಲೆ ತಾನಾಗಿ ಮುಚ್ಚಿಕೊಳ್ಳುತ್ತದೆ. ಪುಡಿ ತುಂಬಿದರೆ ಸ್ವಲ್ಪ ತಡೆಯುತ್ತದೆ. ಅದನ್ನು ಒರೆಸಿ ಸರಿಮಾಡುವ ಬದಲು ಮೇಸ್ತ್ರಿ ಏನು ಮಾಡುತ್ತಾನೆ? ತಂತಿಯಿಂದ ಮೇಲಕ್ಕೆ ಕಟ್ಟಿಬಿಡುತ್ತಾನೆ. ಕೆಲಸ ಬೇಗ ಸಾಗುತ್ತದಂತೆ! ಕಳೆದ ಮಳೆಗಾಲದಲ್ಲಿ ಇಂಥದೇ ಒಂದು ಗರಗಸವನ್ನು ನಮ್ಮ ಹುಡುಗನೊಬ್ಬ ಕೊಯ್ದು ಮುಗಿಸಿ ಪಕ್ಕಕ್ಕೆ ತಂದ. ಬ್ಲೇಡು ಇನ್ನೂ ತಿರುಗುತ್ತಿತ್ತು, ಮುಚ್ಚಲು ಗಾರ್ಡು ಇರಲಿಲ್ಲ. ಎಡಗೈಯ ಎರಡು ಬೆರಳು ಹೋದವು. ಮಾರನೆಯ ದಿನ ಬೆಳಿಗ್ಗೆ ಆರಕ್ಕೆ ಆ ಹೋಟೆಲಿನಲ್ಲಿ ಇಡ್ಲಿ ಎಂದಿನಂತೆ ಬೆಂದಿತು.

ಗಿರಣಿಯಲ್ಲಿ ದುಡಿದ ಹಿರಿಯರಿಗೆ ಇದನ್ನು ವಿವರಿಸಬೇಕಾಗಿಲ್ಲ. ಮಗ್ಗದ ಲಾಳಿ ಹಾರಿ ಮುಖಕ್ಕೆ ಬಡಿಯದಂತೆ ಅಲ್ಲಿಯೂ ಗಾರ್ಡು ಇತ್ತು. ಗಜದ ಲೆಕ್ಕದ ಕೂಲಿಯ ಅವಸರ ಮನುಷ್ಯನಿಂದ ಏನೇನು ಮಾಡಿಸುತ್ತದೆ ಎಂಬುದನ್ನು ಅವರು ಬಲ್ಲರು.

ಈಗ ಕಾಯಿದೆಯ ಮಾತು ಕೇಳಿ. ತಿದ್ದುಪಡಿಗಳಾದ ಮೇಲೆ 1923ರ ಪರಿಹಾರ ಕಾಯಿದೆಯ ಪಟ್ಟಿಯಲ್ಲಿ ಹೆಬ್ಬೆರಳು ಹೋದರೆ ದುಡಿಯುವ ಶಕ್ತಿಯಲ್ಲಿ ನೂರಕ್ಕೆ 30 ನಷ್ಟ, ಪೂರ್ತಿ ತೋರುಬೆರಳಿಗೆ 14, ಎರಡು ಬೆರಳಿಗೆ 20 ಎಂದು ಬರೆದರು. ಆದರೆ ಅದೇ ಕಾಯಿದೆಯಲ್ಲಿ ಇನ್ನೊಂದು ಸಾಲಿತ್ತು. ರಕ್ಷಣೆಗೆಂದು ಕೊಟ್ಟ ಗಾರ್ಡನ್ನು ಕೆಲಸಗಾರ ತಿಳಿದೂ ತಿಳಿದೂ ತೆಗೆದದ್ದರಿಂದಲೇ ಪೆಟ್ಟಾದರೆ, ಸಾವು ಅಥವಾ ಪೂರ್ಣ ಶಾಶ್ವತ ಅಂಗವೈಕಲ್ಯವಾಗದ ಹೊರತು, ಧಣಿ ಪರಿಹಾರ ಕೊಡಬೇಕಾಗಿಲ್ಲ. 2020ರ ಸಾಮಾಜಿಕ ಭದ್ರತಾ ಸಂಹಿತೆಯೂ ಆ ಸಾಲನ್ನು ಉಳಿಸಿಕೊಂಡಿದೆ. (ಇ.ಎಸ್.ಐ. ಕಾರ್ಡು ಇದ್ದವರ ದಾರಿ ಬೇರೆ. ನಮ್ಮಲ್ಲಿ ಎಷ್ಟು ಹುಡುಗರ ಬಳಿ ಆ ಕಾರ್ಡು ಇದೆ ಎಂಬುದು ನಿಮಗೇ ಗೊತ್ತು.) ತಂತಿ ಕಟ್ಟಿದವನು ಮೇಸ್ತ್ರಿ, ಕಟ್ಟಿಸಿದ್ದು ಧಣಿಯ ಅವಸರ, ವಕೀಲರ ಕಾಗದದಲ್ಲಿ ಮಾತ್ರ ಕಟ್ಟಿದವನು ಬೆರಳು ಕಳೆದುಕೊಂಡ ಹುಡುಗ! ನಮ್ಮ ಆ ಹುಡುಗನ ವಿಷಯದಲ್ಲೂ ಇದೇ ಮಾತು ಎದ್ದಿತು.

ನಮ್ಮವರ ತಪ್ಪನ್ನು ಮುಚ್ಚಿಡುವುದಿಲ್ಲ. "ನನಗೇನೂ ಆಗುವುದಿಲ್ಲ" ಎಂಬ ಜಂಬ ನಮ್ಮಲ್ಲೂ ಇದೆ. ಸೋಡಾ ಕ್ರೇಟಿನ ಮೇಲೆ ಪ್ಲೈವುಡ್ ಇಟ್ಟು, ಒಂದು ಕಾಲಲ್ಲಿ ಒತ್ತಿ, ಹೆಗಲ ಮೇಲೆ ಟವಲು ಜೋತುಬಿಟ್ಟು ಕೊಯ್ಯುವವರನ್ನು ಕಂಡಿದ್ದೇವೆ. ಹಲಗೆಗೆ ಎರಡು ತುದಿಯಲ್ಲಿ ಮಾತ್ರ ಆಧಾರವಿದ್ದರೆ ಕೊಯ್ದಂತೆ ನಡುವೆ ಬಾಗುತ್ತದೆ, ಸೀಳು ಬ್ಲೇಡನ್ನು ಕಚ್ಚುತ್ತದೆ, ಗರಗಸ ಮೇಲೆದ್ದು ಹಿಡಿದವನ ಕಡೆಗೇ ಹಾರುತ್ತದೆ. ಆದುದರಿಂದ ಸೀಳಿನ ಎರಡೂ ಪಕ್ಕಕ್ಕೆ ಹತ್ತಿರದಲ್ಲೇ ಆಧಾರ ಕೊಡಬೇಕು. ಸಣ್ಣ ತುಂಡಾದರೆ ಅದನ್ನು ಸಡಿಲವಾಗಿ ಬೀಳಲು ಬಿಡಬೇಕು. ಹಲಗೆಯನ್ನು ಶಿಕಂಜದಿಂದ ಬಿಗಿದು, ಎರಡೂ ಕೈ ಗರಗಸದ ಮೇಲಿಟ್ಟು, ಬ್ಲೇಡಿನ ಗೆರೆಗೆ ನೇರ ನಿಲ್ಲದೆ ಪಕ್ಕಕ್ಕೆ ನಿಲ್ಲಬೇಕು. ಹಲ್ಲು ಹಲಗೆಯ ಕೆಳಗೆ ಕಾಲಿಂಚಿಗಿಂತ ಹೆಚ್ಚು ಇಣುಕಬಾರದು. ಹಳೆಯ ಪೆಟ್ಟಿಗೆ ಮರವಾದರೆ ಮೊದಲು ಮೊಳೆ ಹುಡುಕಿ. ಕಣ್ಣಿಗೆ ಕನ್ನಡಕ, ಮೂಗಿಗೆ ಪುಡಿ ತಡೆಯುವ ಮಾಸ್ಕು ಬೇಕು. ಮರದ ಪುಡಿ ಕ್ಯಾನ್ಸರಿಗೆ ಕಾರಣವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 1995ರಲ್ಲೇ ಹೇಳಿದೆ.

ಇದನ್ನೆಲ್ಲ ಹದಿನಾಲ್ಕು ತಾಸು ದುಡಿದು ತೂಕಡಿಸುವ ಹುಡುಗ ರಾತ್ರಿ ಹನ್ನೆರಡಕ್ಕೆ ನೆನಪಿಡಬೇಕೆಂದರೆ ಹೇಗೆ? ಮರಗೆಲಸವನ್ನು ಬಲ್ಲ ಬಡಗಿಗೆ ಕೊಡಿ, ಅವನ ಕೂಲಿ ಅವನಿಗೆ ಸಲ್ಲಲಿ. ಹೋಟೆಲು ನೌಕರನಿಂದಲೇ ಮಾಡಿಸುವುದಾದರೆ ಹಗಲಲ್ಲಿ, ಕಲಿಸಿ, ಓವರ್‌ಟೈಮ್ ಕೊಟ್ಟು ಮಾಡಿಸಿ. ನಾವು ಕೇಳುವುದು ಇಷ್ಟೇ.

ಗರಗಸ ಕೈಗೆ ಬಂದಾಗ ಬ್ಯಾಟರಿ ತೆಗೆದು ಗಾರ್ಡನ್ನು ಹಿಂದಕ್ಕೆಳೆದು ಬಿಡಿ. ಅದು ತಟ್ಟನೆ ಮುಚ್ಚಿಕೊಳ್ಳದಿದ್ದರೆ ಮುಟ್ಟುವುದಿಲ್ಲ ಎಂದು ನಾಲ್ಕು ಜನರ ಎದುರಿಗೆ ಹೇಳಿ. ಒಬ್ಬನೇ ಹೇಳಿದರೆ ಊರಿಗೆ ಹೋಗು ಎನ್ನುತ್ತಾರೆ, ಆದ್ದರಿಂದ ನಾಲ್ವರೂ ಹೇಳಿ. ಪೆಟ್ಟಾಗಿಯೇ ಹೋದರೆ ಒಬ್ಬ ಗಾಯಾಳುವನ್ನು ಆಸ್ಪತ್ರೆಗೆ ಒಯ್ಯಲಿ, ಇನ್ನೊಬ್ಬ ಆ ಕ್ಷಣವೇ ಗರಗಸದ ಫೋಟೋ ತೆಗೆಯಲಿ. ಬೆಳಗಾಗುವಷ್ಟರಲ್ಲಿ ಆ ತಂತಿ ಅಲ್ಲಿರುವುದಿಲ್ಲ.